ಒಂದೇ ವರ್ಷದಲ್ಲಿ ಅವ್ವನ ಮೊಣಕಾಲಿನ ಗ್ಯಾಪ್ (ಎಕ್ಸ್-ರೇಯಲ್ಲಿ ಎರಡು ಎಲುಬುಗಳ ನಡುವೆ ಕಾಣುವ ಜಾಗ) 5 ಮಿ.ಮೀ.ನಿಂದ 3ಕ್ಕೆ ಇಳಿದಿದೆ, ಎಂಆರ್‌ಐ ಮಾಡಿಸಬೇಕಾ?

ನೀವು ಹೇಳಿದ್ದರಲ್ಲೇ ಉತ್ತರ ಇದೆ: ಹೋದ ವರ್ಷ ಗದಗದಲ್ಲಿ ಮಲಗಿಸಿ ತೆಗೆದ ಎಕ್ಸ್-ರೇ, ಈ ವರ್ಷ ಹುಬ್ಬಳ್ಳಿಯಲ್ಲಿ ನಿಲ್ಲಿಸಿ ತೆಗೆದದ್ದು. ಇವೆರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಲು ಬರುವುದಿಲ್ಲರಿ. ಮಲಗಿದಾಗ ಕಾಲಿನ ಮೇಲೆ ಮೈಭಾರ ಇರುವುದಿಲ್ಲ, ಸಂದು ಅಗಲ ಕಾಣುತ್ತದೆ. ಮೊಣಕಾಲು ಸವೆತದಲ್ಲಿ ಒಳಬದಿ ಗ್ಯಾಪ್ ಸರಾಸರಿ ವರ್ಷಕ್ಕೆ 0.1ರಿಂದ 0.2 ಮಿ.ಮೀ. ಇಳಿಯುತ್ತದೆ. 2 ಮಿ.ಮೀ. ಇಳಿದದ್ದರಲ್ಲಿ ಹೆಚ್ಚಿನ ಪಾಲು ಎಕ್ಸ್-ರೇ ತೆಗೆಯುವಾಗ ಕಾಲಿಟ್ಟ ರೀತಿಯಿಂದಲೇ ಬಂದಿರಬೇಕು.

ಇನ್ನೊಂದು, ಫಿಲ್ಮ್ ಮೇಲೆ ಸ್ಕೇಲ್ ಇಟ್ಟು ಅಳೆಯಬೇಡಿ. ಎರಡೂ ಕಾಲು ಒಂದೇ ಹಾಳೆಯಲ್ಲಿ ಹಿಡಿಸಲು ಚಿತ್ರವನ್ನು ಕುಗ್ಗಿಸಿ ಪ್ರಿಂಟ್ ಹಾಕಿರುತ್ತಾರೆ. ಡೈಕಾಮ್ ಫೈಲ್ (ಎಕ್ಸ್-ರೇಯ ಮೂಲ ಡಿಜಿಟಲ್ ಚಿತ್ರ) ಇರುವ ಸಿ.ಡಿ. ಕೇಳಿ ಪಡೆಯಿರಿ, ಅಳತೆ ಏನಿದ್ದರೂ ಅದರಲ್ಲಿ.

ಮುಂದಿನ ಸಲ ಹೋಲಿಕೆಗೆ ಬರುವಂಥ ಎಕ್ಸ್-ರೇ ಬೇಕಾದರೆ ಹೀಗೆ ತೆಗೆಸಿ. ಎಕ್ಸ್-ರೇ ಪ್ಲೇಟ್ ಇರುವ ಸ್ಟ್ಯಾಂಡಿಗೆ ಮುಖ ಮಾಡಿ, ಎರಡೂ ಕಾಲಿನ ಮೇಲೆ ಸಮ ಭಾರ ಹಾಕಿ ನಿಲ್ಲಬೇಕು. ಹೆಬ್ಬೆರಳ ತುದಿ, ಮೊಣಕಾಲ ಚಿಪ್ಪು, ತೊಡೆ ಮೂರೂ ಸ್ಟ್ಯಾಂಡಿಗೆ ತಾಗಬೇಕು, ಆಗ ಮೊಣಕಾಲು ತಾನಾಗಿಯೇ 20ರಿಂದ 30 ಡಿಗ್ರಿ ಮಡಚುತ್ತದೆ. ಪಾದ 10 ಡಿಗ್ರಿ ಹೊರಕ್ಕೆ, ಕಿರಣ ಹಿಂದಿನಿಂದ 10 ಡಿಗ್ರಿ ಕೆಳಮುಖ. ಸ್ವಲ್ಪ ಮಡಚುವುದು ಯಾಕೆಂದರೆ, ಕಾರ್ಟಿಲೇಜ್ (ಎಲುಬಿನ ತುದಿಗಿರುವ ನುಣುಪಾದ ಹೊದಿಕೆ) ಹೆಚ್ಚು ಸವೆಯುವ ಜಾಗ ತುಸು ಹಿಂದಕ್ಕಿದೆ, ಕಾಲು ನೆಟ್ಟಗಿದ್ದರೆ ಅಲ್ಲಿ ಎಲುಬಿಗೆ ಎಲುಬು ತಾಗುವುದಿಲ್ಲ, ಗ್ಯಾಪ್ ಚೆನ್ನಾಗಿದೆ ಅಂತ ಸುಳ್ಳು ಚಿತ್ರ ಬರುತ್ತದೆ. ಕಾಲಡಿ ದೊಡ್ಡ ಹಾಳೆ ಹಾಸಿ ಪಾದದ ಗುರುತು ಪೆನ್ನಿನಿಂದ ಎಳೆದಿಟ್ಟುಕೊಳ್ಳಿ, ಮುಂದಿನ ವರ್ಷ ಅದೇ ಗುರುತಿನ ಮೇಲೆ ನಿಲ್ಲಿಸಲು ಹೇಳಿ. ಎಕ್ಸ್-ರೇ ಟ್ಯೂಬಿನ ದೂರವೂ ಬರೆದಿಟ್ಟುಕೊಳ್ಳಿ. ನಿಲ್ಲಿಸಿ ತೆಗೆಯುವ ಸ್ಟ್ಯಾಂಡ್ ಗದಗದಲ್ಲೇ ಇದ್ದರೆ ಅಲ್ಲೇ ಸಾಕು. ಊರು ಮುಖ್ಯ ಅಲ್ಲ, ಪ್ರತಿ ಸಲ ಅದೇ ಸೆಂಟರ್ ಆಗಿರಬೇಕು.

ಚಿತ್ರ ಸರಿ ಬಂದಿದೆಯೋ ಅಂತ ನೀವೇ ನೋಡಬಹುದು. ಕೆಳಗಿನ ಎಲುಬಿನ ತಟ್ಟೆಯ (ಅದರ ಚಪ್ಪಟೆ ಮೇಲ್ಭಾಗದ) ಮುಂದಿನ ಅಂಚು, ಹಿಂದಿನ ಅಂಚು ಎರಡು ಗೆರೆಯಾಗಿ ಕಾಣುತ್ತವೆ. ಒಳಬದಿಯಲ್ಲಿ ಅವು ಒಂದರ ಮೇಲೊಂದು ಕೂತಿರಬೇಕು, ಹೆಚ್ಚೆಂದರೆ ಒಂದೂವರೆ ಮಿ.ಮೀ. ಅಂತರ. ಅಗಲವಾಗಿ ಬೇರೆಬೇರೆ ಕಂಡರೆ ಕಿರಣ ಓರೆ ಬಿದ್ದಿದೆ. ಆ ಚಿತ್ರದ ಅಳತೆ ನಂಬಬೇಡಿ.

ಅವ್ವನ ವರದಿಯಲ್ಲಿರುವ "ಗ್ರೇಡ್ 2" ಅಂದರೆ, ಸವೆತ ಎಷ್ಟಾಗಿದೆ ಅಂತ ಎಕ್ಸ್-ರೇ ನೋಡಿ ಹೇಳುವ, 1957ರಿಂದ ಬಳಕೆಯಲ್ಲಿರುವ ಕೆಲ್‌ಗ್ರೆನ್-ಲಾರೆನ್ಸ್ ಲೆಕ್ಕ: ಸಂದಿನ ಅಂಚಿನಲ್ಲಿ ಎಲುಬು ಮುಳ್ಳಿನಂತೆ ಬೆಳೆದದ್ದು ಖಚಿತ, ಗ್ಯಾಪ್ ಇಳಿದಿರಬಹುದು. ಗ್ಯಾಪ್ ಇಳಿದದ್ದು ಖಚಿತವಾದರೆ ಗ್ರೇಡ್ 3. ತಟ್ಟೆಯ ಕೆಳಗೆ ಎಲುಬು ಬೆಳ್ಳಗೆ ಗಟ್ಟಿಯಾಗಿ ಕಾಣುವುದನ್ನು ಸ್ಕ್ಲೆರೋಸಿಸ್ ಅನ್ನುತ್ತಾರೆ. ಬೆಳ್ಳಗಿದೆ, ಅಂದರೆ ಗಟ್ಟಿಮುಟ್ಟು ಅಂತ ತಿಳಿಯಬೇಡಿ. ಎಲುಬಿನ ಪ್ರಮಾಣ ಹೆಚ್ಚಿರುತ್ತದೆ, ಆದರೆ ಅದರೊಳಗೆ ಖನಿಜಾಂಶ ಕಡಿಮೆ. ತಟ್ಟೆಯ ನಡುವಿನ ಎರಡು ಮೊನೆ ಚೂಪಾಗಿವೆ ಅಂತಷ್ಟೇ ವರದಿ ಬಂದರೆ ಅದಕ್ಕೆ ಹೆಚ್ಚು ಬೆಲೆ ಇಲ್ಲ. ಗ್ರೇಡಿಗೂ ನೋವಿಗೂ ಎಷ್ಟೋ ಸಲ ತಾಳೆಯಾಗುವುದಿಲ್ಲ.

ಮೆಟ್ಟಿಲು ಇಳಿಯುವಾಗ, ಕುಕ್ಕರಗಾಲಲ್ಲಿ ಕೂತು ಏಳುವಾಗ ನೋವು ಹೆಚ್ಚಿದ್ದರೆ ಚಿಪ್ಪಿನ ಹಿಂಬದಿ ಕಾಣುವ ಸ್ಕೈಲೈನ್ ಚಿತ್ರವನ್ನೂ ಕೇಳಿ.

ಎಂಆರ್‌ಐ ಸದ್ಯಕ್ಕೆ ಬೇಡ ಅನ್ನಿಸುತ್ತದೆ. ಆದರೆ ನೋವು ದಿಢೀರನೆ ಜೋರಾಗಿ ರಾತ್ರಿಯೂ ಬಿಡದಿದ್ದರೆ, ಕಾಲು ಸಿಕ್ಕಿಕೊಂಡು ನೆಟ್ಟಗಾಗದಿದ್ದರೆ, ಬಿದ್ದ ಮೇಲೆ ಕಾಲೂರಲು ಆಗದಿದ್ದರೆ ತಡ ಮಾಡದೆ ಆರ್ಥೋಪೆಡಿಕ್ ಡಾಕ್ಟರ ಹತ್ತಿರ ಹೋಗಿ. ಕಾರ್ಟಿಲೇಜಿನ ಕೆಳಗೆ ಎಲುಬಿನಲ್ಲಿ ಸಣ್ಣ ಬಿರುಕು ಬಂದಿರಬಹುದು, ಅದು ಎಕ್ಸ್-ರೇಯಲ್ಲಿ ಮೊದಮೊದಲು ಕಾಣುವುದೇ ಇಲ್ಲ. ಎಂಆರ್‌ಐ ಬರೆದರೆ ಫ್ಯಾಟ್ ಸಪ್ರೆಸ್ಡ್ ಸೀಕ್ವೆನ್ಸ್ (ಕೊಬ್ಬಿನ ಬಿಳುಪು ಅಡಗಿಸಿ ತೆಗೆಯುವ ಚಿತ್ರ) ಇದೆಯಾ ಅಂತ ಸೆಂಟರಿನಲ್ಲಿ ಕೇಳಿ, 'ಮ್ಯಾರೋ ಎಡಿಮಾ' (ಎಲುಬಿನ ಮಜ್ಜೆಯಲ್ಲಿನ ಬಾವು) ಸ್ಪಷ್ಟವಾಗಿ ಕಾಣುವುದು ಅದರಲ್ಲೇ.