ಕ್ಯಾಲಿಫೋರ್ನಿಯಾದಲ್ಲಿ ಕಾರಿನ ಮುಂದೆ ನಂಬರ್ ಪ್ಲೇಟ್ ಇಲ್ಲದಿದ್ದರೆ ಪೊಲೀಸರು ನಿಜವಾಗಿ ಹಿಡಿಯುತ್ತಾರಾ?

ಹಿಡಿಯುತ್ತಾರೆ. ಆದರೆ ನೀವು ಅಂದುಕೊಂಡ ಹಾಗೆ ಅಲ್ಲ. ನಾನು ಬೇ ಏರಿಯಾದಲ್ಲಿ (ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ) ಎರಡು ವರ್ಷಕ್ಕಿಂತ ಜಾಸ್ತಿ ಮುಂದಿನ ಪ್ಲೇಟ್ ಇಲ್ಲದೆ ಓಡಾಡಿದವನು. ಎರಡು ಸಲ ಸಿಕ್ಕಿಬಿದ್ದೆ. ಅದರಲ್ಲಿ ಒಂದು ಸಲ ನಾನು ಕಾರಿನ ಹತ್ತಿರವೇ ಇರಲಿಲ್ಲ.

ನೀವು ಬರೆದಿರುವುದು ನನ್ನದೇ ಕಥೆ. ಹೊಸ ಕಾರು. ಬಂಪರ್‌ಗೆ ತೂತು ಹೊಡೆಯಬೇಡಿ ಅಂತ ಡೀಲರ್‌ಗೆ ಹೇಳಿ ಬಂದಿದ್ದೀರಿ. ಈಗ ಅಂಚೆಯಲ್ಲಿ ಎರಡು ಪ್ಲೇಟ್ ಬಂದು ಕೂತಿವೆ. ಆಫೀಸಿನ ಪಾರ್ಕಿಂಗ್‌ನಲ್ಲಿ ನೋಡಿದರೆ ಎಷ್ಟೋ ಕಾರುಗಳ ಮುಂದೆ ಏನೂ ಇಲ್ಲ. ಅವರಿಗಿಲ್ಲದ ಚಿಂತೆ ನನಗ್ಯಾಕೆ ಅನ್ನಿಸುತ್ತದೆ, ಅಲ್ವಾ?

ಕಾನೂನು ಚಿಕ್ಕದು, ಅದನ್ನು ಮೊದಲು ಮುಗಿಸಿಬಿಡೋಣ. ಕ್ಯಾಲಿಫೋರ್ನಿಯಾದ ವೆಹಿಕಲ್ ಕೋಡ್ 5200 ಹೇಳುವುದು ಇಷ್ಟೇ: ನಿಮಗೆ ಎರಡು ಪ್ಲೇಟ್ ಕೊಟ್ಟಿದ್ದರೆ ಒಂದು ಮುಂದೆ, ಒಂದು ಹಿಂದೆ ಇರಬೇಕು. ಅದರ ಪಕ್ಕದ 5201 ಹೇಗೆ ಹಾಕಬೇಕು ಅಂತ ಹೇಳುತ್ತದೆ. ಅಲ್ಲಾಡದ ಹಾಗೆ ಬಿಗಿಯಾಗಿರಬೇಕು, ಸರಿಯಾಗಿ ಓದಲು ಬರಬೇಕು, ಮುಂದಿನದು ನೆಲದಿಂದ 60 ಇಂಚಿಗಿಂತ ಮೇಲೆ ಇರಬಾರದು. ಡ್ಯಾಶ್‌ಬೋರ್ಡ್ ಮೇಲೆ ಸುಮ್ನೆ ಒರಗಿಸಿಟ್ಟರೆ ಆಗುವುದಿಲ್ಲ. ಒಂದಷ್ಟು ದಿನ ನಾನೂ ಆ ಜಾಣತನ ಮಾಡಿದ್ದೆ. ಮೊದಲನೇ ದೊಡ್ಡ ತಿರುವಿನಲ್ಲೇ ಪ್ಲೇಟ್ ಜಾರಿ ಪಕ್ಕದ ಸೀಟಿನ ಕೆಳಗೆ ಹೋಗಿ ಸೇರಿತು.

ಇದು ದೇಶಕ್ಕೆಲ್ಲ ಒಂದೇ ಕಾನೂನು ಅಲ್ಲ, ಗೊಂದಲ ಶುರುವಾಗುವುದೇ ಅಲ್ಲಿ. ಪ್ಲೇಟಿನ ವಿಷಯ ಆಯಾ ರಾಜ್ಯಕ್ಕೆ ಬಿಟ್ಟದ್ದು. ಟೆಕ್ಸಾಸ್, ನ್ಯೂಯಾರ್ಕ್, ನ್ಯೂಜೆರ್ಸಿ, ಇಲಿನಾಯ್, ವಾಷಿಂಗ್ಟನ್ ರಾಜ್ಯಗಳಲ್ಲಿ ಎರಡು ಬೇಕು. ಫ್ಲೋರಿಡಾ, ಜಾರ್ಜಿಯಾ, ಅರಿಜೋನಾ, ಪೆನ್ಸಿಲ್ವೇನಿಯಾ, ಮಿಶಿಗನ್‌ಗಳಲ್ಲಿ ಹಿಂದಿನದು ಒಂದೇ. ಓಹಾಯೊ 2020ರ ಜುಲೈನಲ್ಲಿ ಮುಂದಿನದನ್ನು ಕೈಬಿಟ್ಟಿತು. ಬೇಡ ಬೇಡ ಅಂತ ಅಲ್ಲಿನ ಪೊಲೀಸರು ಹೇಳುತ್ತಲೇ ಇದ್ದರು. ಯೂಟಾ 2025ರ ಜನವರಿಯಿಂದ ಕೈಬಿಟ್ಟಿದೆ. ನೆವಾಡಾದ್ದು ಇನ್ನೊಂದು ಥರ: ಕಂಪನಿಯವರೇ ಕಾರಿನ ಮುಂದೆ ಪ್ಲೇಟ್ ಹಾಕಲು ಜಾಗ ಮಾಡಿರದಿದ್ದರೆ ಅಲ್ಲಿ ಮುಂದಿನದು ಬೇಕಾಗಿಲ್ಲ. ಹಾಗಾಗಿ ನಿಮ್ಮ ಆಫೀಸಿನ ಪಾರ್ಕಿಂಗ್‌ನಲ್ಲಿ ಕಾಣುವ ಕೆಲವು ಕಾರುಗಳು ಅರಿಜೋನಾದವು ಇರಬಹುದು, ಅವು ತಪ್ಪೇನೂ ಮಾಡುತ್ತಿಲ್ಲ. ಯಾವ ರಾಜ್ಯದಲ್ಲಿ ನೋಂದಣಿಯೋ ಆ ರಾಜ್ಯದ ನಿಯಮ ಕಾರಿನ ಜೊತೆಗೇ ಬರುತ್ತದೆ. ಊರಲ್ಲಿ ಬೈಕಿಗೂ ಹಿಂದೆ ಮುಂದೆ ಎರಡು ಕಡೆ ನಂಬರ್ ನೋಡಿ ಬೆಳೆದ ನಮಗೆ, ಇಲ್ಲಿ ಬೈಕಿಗೆ ಹಿಂದೆ ಒಂದೇ ಸಾಕು ಅನ್ನುವುದು ಮೊದಮೊದಲು ವಿಚಿತ್ರ ಅನ್ನಿಸುತ್ತದೆ.

ಟೆಕ್ಸಾಸ್‌ನ ಒಂದು ತಮಾಷೆ ಹೇಳಲೇಬೇಕು. ಅಲ್ಲಿ ಕಾನೂನಿನ ಪುಸ್ತಕವನ್ನು ಹೊಸದಾಗಿ ಜೋಡಿಸುವಾಗ ದಂಡದ ಸಾಲು ಕೈತಪ್ಪಿ ಹೋಯಿತು. ಎರಡು ಪ್ಲೇಟ್ ಕಡ್ಡಾಯ, ಆದರೆ ಹಾಕದಿದ್ದರೆ ಏನು ಅಂತಲೇ ಇಲ್ಲ! 2013ರಲ್ಲಿ ಅದನ್ನು ಸರಿಮಾಡಿ 200 ಡಾಲರ್‌ವರೆಗೆ ದಂಡ ಅಂತ ಬರೆದರು. ಅಲ್ಲಿರುವ ಗೆಳೆಯರು ಯಾರಾದರೂ 'ಇಲ್ಲಿ ದಂಡವೇ ಇಲ್ಲ ಮಾರಾಯ' ಅಂದರೆ ಅದು ಹಳೇ ಸುದ್ದಿ.

ಈಗ ನಾನು ಸಿಕ್ಕಿಬಿದ್ದ ವಿಷಯ. ಮೊದಲನೇ ಸಲ ಊಟಕ್ಕೆ ಅಂತ ಸಿಟಿಗೆ ಹೋಗಿದ್ದೆ. ಪಾರ್ಕಿಂಗ್ ಮೀಟರ್‌ಗೆ ದುಡ್ಡು ಹಾಕಿದ್ದೆ, ಇನ್ನೂ ಇಪ್ಪತ್ತು ನಿಮಿಷ ಬಾಕಿ ಇತ್ತು. ವಾಪಸ್ ಬಂದು ನೋಡಿದರೆ ವೈಪರ್ ಕೆಳಗೆ ಒಂದು ಲಕೋಟೆ, ಮಂಜಿಗೆ ಅರ್ಧ ನೆಂದಿತ್ತು. ಮೀಟರ್‌ನವರು ಏನೋ ತಪ್ಪು ಮಾಡಿದ್ದಾರೆ ಅಂತ ಬೈಯುತ್ತಾ ಬಿಚ್ಚಿದೆ. ಒಳಗೆ 5200 ಅಂತ ಇತ್ತು. ಆ ನಂಬರ್ ಏನು ಅಂತ ಅಲ್ಲೇ ಫುಟ್‌ಪಾತ್ ಮೇಲೆ ನಿಂತು ಫೋನಿನಲ್ಲಿ ಹುಡುಕಿದೆ. ಪಾರ್ಕಿಂಗ್ ನೋಡಿಕೊಳ್ಳುವವರೂ ಇದಕ್ಕೆ ಚೀಟಿ ಹರಿಯಬಹುದು ಅಂತ ಗೊತ್ತಾಗಿದ್ದು ಅವತ್ತೇ. ಯೋಚನೆ ಮಾಡಿ ನೋಡಿ, ಅವರಿಗೆ ಇದು ತುಂಬಾ ಸುಲಭದ ಕೆಲಸ. ಕಾರು ನಿಂತಿದೆ, ಓನರ್ ಇಲ್ಲ, ವಾದ ಇಲ್ಲ. ಸಾಲಾಗಿ ನಡೆದುಕೊಂಡು ಬರುವವರಿಗೆ ಮುಂದಿನ ಬಂಪರ್ ಖಾಲಿ ಇರುವುದು ಎದ್ದು ಕಾಣುತ್ತದೆ. ಇದು ಕ್ಯಾಲಿಫೋರ್ನಿಯಾದ್ದೊಂದೇ ಅಲ್ಲ, ಶಿಕಾಗೋದಲ್ಲೂ ನಿಂತ ಕಾರಿಗೆ ಇದೇ ಕಾರಣಕ್ಕೆ ಟಿಕೆಟ್ ಅಂಟಿಸುತ್ತಾರೆ. ನನ್ನ ಅನುಭವದಲ್ಲಿ ಓಡುವ ಕಾರಿಗಿಂತ ನಿಂತ ಕಾರಿಗೇ ಅಪಾಯ ಜಾಸ್ತಿ. ಮನೆಯಲ್ಲಿ ಗ್ಯಾರೇಜು, ಆಫೀಸಿನಲ್ಲಿ ಒಳಗಿನ ಪಾರ್ಕಿಂಗು ಅಂತ ಇರುವವರು ವರ್ಷಗಟ್ಟಲೆ ತಪ್ಪಿಸಿಕೊಳ್ಳುವುದು ಇದಕ್ಕೇ. ರಸ್ತೆ ಬದಿ ನಿಲ್ಲಿಸುವವರಿಗೆ ಆ ಅದೃಷ್ಟ ಇಲ್ಲ.

ಅಷ್ಟಾದರೂ ನಾನು ಪ್ಲೇಟ್ ಹಾಕಲಿಲ್ಲ. ದಂಡ ಕಟ್ಟಿದೆ, ಮರೆತೆ.

ಎರಡನೇ ಸಲ ರಾತ್ರಿ ಹನ್ನೊಂದರ ಹೊತ್ತು, ಎಲ್ ಕಮಿನೋ ರಿಯಲ್ ರಸ್ತೆಯಲ್ಲಿ. ಎದುರಿನಿಂದ ಬಂದ ಪೊಲೀಸ್ ಕಾರು ನನ್ನನ್ನು ದಾಟಿ, ಯೂ ಟರ್ನ್ ತಗೊಂಡು ಹಿಂದೆ ಬಂತು. ಕೆಂಪು ನೀಲಿ ದೀಪ. ಪಕ್ಕಕ್ಕೆ ನಿಲ್ಲಿಸಿದೆ, ಗಾಜು ಇಳಿಸಿದೆ, ಎರಡೂ ಕೈ ಸ್ಟೀರಿಂಗ್ ಮೇಲಿಟ್ಟೆ. ಟಾರ್ಚಿನ ಬೆಳಕು ಮೊದಲು ಹಿಂದಿನ ಸೀಟಿನ ಮೇಲೆ ಬಿತ್ತು, ಆಮೇಲೆ ಪಕ್ಕದ ಸೀಟಿನ ಮೇಲೆ, ಕೊನೆಗೆ ನನ್ನ ಮುಖಕ್ಕೆ. ಮುಂದೆ ಪ್ಲೇಟ್ ಇಲ್ಲ, ಅದಕ್ಕೇ ನಿಲ್ಲಿಸಿದೆ ಅಂದರು. ಆದರೆ ಕೇಳಿದ ಪ್ರಶ್ನೆಗಳೆಲ್ಲ ಬೇರೆ: ಎಲ್ಲಿಂದ ಬರುತ್ತಿದ್ದೀರಿ, ಏನಾದರೂ ಕುಡಿದಿದ್ದೀರಾ. ಕುಡಿದಿರಲಿಲ್ಲ. ಹತ್ತು ನಿಮಿಷದಲ್ಲಿ ಮುಗಿಯಿತು. ಆದರೆ ಆ ಹತ್ತು ನಿಮಿಷ ನನಗೆ ಒಂದು ವಿಷಯ ಅರ್ಥ ಮಾಡಿಸಿತು. ಪ್ಲೇಟ್ ಅವರಿಗೆ ಬೇಕಿರಲಿಲ್ಲ. ನನ್ನನ್ನು ನಿಲ್ಲಿಸಲು ಒಂದು ನೆಪ ಬೇಕಿತ್ತು, ಅದನ್ನು ನಾನೇ ಬಂಪರ್ ಮೇಲೆ ಹೊತ್ತುಕೊಂಡು ಓಡಾಡುತ್ತಿದ್ದೆ.

ಅವರು ಹಾಗೆ ಮಾಡಬಹುದಾ ಅಂದರೆ, ಮಾಡಬಹುದು. 1996ರಲ್ಲಿ ರೆನ್ ಅನ್ನುವವರ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಮ್ಮತದಿಂದ ಇದನ್ನೇ ಹೇಳಿತು. ವಾಷಿಂಗ್ಟನ್ ಡಿಸಿಯಲ್ಲಿ ಒಂದು ಗಾಡಿ ಸ್ಟಾಪ್ ಸೈನ್ ಹತ್ತಿರ 20 ಸೆಕೆಂಡಿಗಿಂತ ಜಾಸ್ತಿ ನಿಂತು, ಇಂಡಿಕೇಟರ್ ಹಾಕದೆ ತಿರುಗಿತ್ತು. ಅದನ್ನು ಹಿಡಿದವರು ಟ್ರಾಫಿಕ್ ಪೊಲೀಸರಲ್ಲ, ಮಾದಕವಸ್ತು ಹುಡುಕುತ್ತಿದ್ದ ಮಫ್ತಿಯವರು. ಒಳಗೆ ಕೊಕೇನ್ ಸಿಕ್ಕಿತು. ನಿಜವಾದ ಉದ್ದೇಶ ಬೇರೆ ಇತ್ತಲ್ಲ ಅಂತ ವಕೀಲರು ವಾದಿಸಿದರು. ಅಧಿಕಾರಿಯ ಮನಸ್ಸಿನಲ್ಲಿ ಏನಿತ್ತು ಅನ್ನುವುದು ಮುಖ್ಯವಲ್ಲ, ಟ್ರಾಫಿಕ್ ನಿಯಮ ನಿಜವಾಗಿ ಮುರಿದಿದ್ದರೆ ನಿಲ್ಲಿಸಿದ್ದು ಸರಿ ಅಂತ ಕೋರ್ಟ್ ಹೇಳಿತು. ಖಾಲಿ ಬಂಪರ್ ಅಂಥದ್ದೇ ಒಂದು ಮುರಿದ ನಿಯಮ, ಹಗಲು ರಾತ್ರಿ ಎಲ್ಲರಿಗೂ ಕಾಣುವಂಥದ್ದು.

ಈ ನೆಪದ ಆಟ ಎಲ್ಲರ ಮೇಲೂ ಒಂದೇ ಥರ ನಡೆಯುವುದಿಲ್ಲ, ಕಪ್ಪು ಜನರನ್ನೇ ಜಾಸ್ತಿ ನಿಲ್ಲಿಸುತ್ತಾರೆ ಅನ್ನುವ ಸಿಟ್ಟು ಇಲ್ಲಿ ಹಳೆಯದು. ಅದಕ್ಕೇ ಕೆಲವು ಕಡೆ ಕಡಿವಾಣ ಬಿದ್ದಿದೆ. ಮುಂದಿನ ಪ್ಲೇಟ್ ಇಲ್ಲ ಅನ್ನುವಂಥ ಸಣ್ಣ ಕಾರಣಗಳಿಗಷ್ಟೇ ಗಾಡಿ ನಿಲ್ಲಿಸಬೇಡಿ ಅಂತ ಸ್ಯಾನ್ ಫ್ರಾನ್ಸಿಸ್ಕೋದ ಪೊಲೀಸ್ ಕಮಿಷನ್ ತಮ್ಮವರಿಗೆ ನಿಯಮ ಮಾಡಿದೆ. 2024ರ ಜನವರಿಯಿಂದ ಇಡೀ ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ಬದಲಾವಣೆ ಬಂದಿದೆ. ಪೊಲೀಸರು ಬೇರೆ ಪ್ರಶ್ನೆ ಕೇಳುವ ಮೊದಲು ಯಾಕೆ ನಿಲ್ಲಿಸಿದೆವು ಅಂತ ಹೇಳಬೇಕು. 'ಯಾಕೆ ನಿಲ್ಲಿಸಿದೆ ಗೊತ್ತಾ?' ಅಂತ ನಮ್ಮ ಬಾಯಿಂದಲೇ ಹೊರಡಿಸುವ ಹಳೇ ಚಾಳಿಗೆ ಈಗ ಜಾಗ ಇಲ್ಲ. ಹಾಗಂತ ನೀವು ಒಂದೇ ಊರಿನೊಳಗೆ ಓಡಾಡುವುದಿಲ್ಲವಲ್ಲ, ಸೇತುವೆ ದಾಟಿದರೆ ಪೊಲೀಸರೂ ಬೇರೆ, ಅವರ ನಿಯಮವೂ ಬೇರೆ.

ಪೊಲೀಸರ ಕಡೆಯ ಮಾತೂ ಪೂರ್ತಿ ಸುಳ್ಳಲ್ಲ. ಗುದ್ದಿ ಓಡಿಹೋದ ಗಾಡಿ ಹುಡುಕುವಾಗ ಎರಡು ಪ್ಲೇಟ್ ಇದ್ದರೆ ಯಾವುದೋ ಅಂಗಡಿಯ ಕ್ಯಾಮೆರಾದಲ್ಲಿ ಒಂದಾದರೂ ಸಿಗುತ್ತದೆ. ಗಸ್ತು ಕಾರುಗಳಲ್ಲಿ ನಂಬರ್ ತಾನೇ ಓದುವ ಕ್ಯಾಮೆರಾ ಇರುತ್ತದೆ, ಎದುರು ಬರುವ ಗಾಡಿಗೆ ಅದಕ್ಕೆ ಬೇಕಾದದ್ದು ಮುಂದಿನ ಪ್ಲೇಟ್. ಇನ್ನು ಕೆಂಪು ದೀಪದ ಕ್ಯಾಮೆರಾ. ಕ್ಯಾಲಿಫೋರ್ನಿಯಾದ ಹಳೇ ಪದ್ಧತಿಯಲ್ಲಿ ಆ ಟಿಕೆಟ್ ಗಾಡಿ ಓಡಿಸಿದವನಿಗೆ ಹೋಗುತ್ತದೆ, ಓನರ್‌ಗೆ ಅಲ್ಲ. ಆದ್ದರಿಂದ ಫೋಟೋದಲ್ಲಿ ಮುಖ ಬೇಕು, ಮುಖ ಬೇಕೆಂದರೆ ಮುಂದಿನಿಂದಲೇ ತೆಗೆಯಬೇಕು. ಆದರೂ ಫ್ಲೋರಿಡಾದವರು ಒಂದೇ ಪ್ಲೇಟಿನಲ್ಲಿ ಸಂಸಾರ ಮಾಡುತ್ತಿಲ್ಲವೇ ಅಂದರೆ ಅದೂ ಹೌದು.

ನನಗೆ ಅವತ್ತು ಸಿಕ್ಕಿದ್ದು ಫಿಕ್ಸ್-ಇಟ್ ಟಿಕೆಟ್. ಸರಿಮಾಡಿ ತೋರಿಸಿದರೆ ಕೇಸು ಮುಗಿಯಿತು ಅನ್ನುವ ಥರದ್ದು. ಪ್ಲೇಟ್ ಹಾಕಿಕೊಂಡು ಪೊಲೀಸ್ ಸ್ಟೇಷನ್‌ಗೆ ಹೋದೆ. ಒಬ್ಬ ಅಧಿಕಾರಿ ಹೊರಗೆ ಬಂದು, ಪ್ಲೇಟನ್ನು ಎರಡು ಬೆರಳಲ್ಲಿ ಹಿಡಿದು ಎಳೆದು ನೋಡಿ, ಟಿಕೆಟ್ ಹಿಂದೆ ಸಹಿ ಹಾಕಿದರು. ಅರ್ಧ ನಿಮಿಷದ ಕೆಲಸ. ಆ ಸಹಿ ಜೊತೆ ಕೋರ್ಟಿಗೆ 25 ಡಾಲರ್ ಕಟ್ಟಿದೆ. ಕೊನೇ ದಿನಾಂಕ ಮಾತ್ರ ಮರೆಯಬೇಡಿ. ಮರೆತರೆ 25ಕ್ಕೆ ಮುಗಿಯುವುದು ಪೂರ್ತಿ ದಂಡವಾಗಿ ಕೂರುತ್ತದೆ.

ಬಂಪರ್ ತೂತಿನ ಚಿಂತೆಗೆ ಪರಿಹಾರ ಇದೆ. ಮುಂದಿನ ಬಂಪರ್‌ನಲ್ಲಿ ಒಂದು ಚೌಕದ ಮುಚ್ಚಳ ಇರುತ್ತದೆ ನೋಡಿ, ಗಾಡಿ ಕೆಟ್ಟರೆ ಎಳೆಯುವ ಕೊಕ್ಕೆ ಸಿಕ್ಕಿಸುವ ಜಾಗ. ಅದಕ್ಕೇ ತಿರುಗಿಸಿ ಕೂರಿಸುವ ಬ್ರಾಕೆಟ್ ಸಿಗುತ್ತದೆ. ಡ್ರಿಲ್ ಬೇಕಿಲ್ಲ. ಪ್ಲೇಟ್ ಸ್ವಲ್ಪ ಒಂದು ಪಕ್ಕಕ್ಕೆ ಬರುತ್ತದೆ, ಮಧ್ಯದಲ್ಲೇ ಇರಬೇಕು ಅಂತ ನಿಯಮ ಇಲ್ಲ. ಕೊಳ್ಳುವ ಮುಂಚೆ ನಿಮ್ಮ ಮಾಡೆಲ್‌ಗೆ ಸರಿಹೊಂದುತ್ತದಾ ನೋಡಿ, ಪಾರ್ಕಿಂಗ್ ಸೆನ್ಸರ್‌ಗೆ ಅಡ್ಡ ಬರದ ಹಾಗೆ ಕೂರಿಸಿ. ಪಾನಾ ಹಿಡಿದು ಕೂತರೆ ಹದಿನೈದು ನಿಮಿಷ. ನಾನು ಎರಡು ವರ್ಷ ಮುಂದೂಡಿದ್ದು ಈ ಹದಿನೈದು ನಿಮಿಷದ ಕೆಲಸವನ್ನು!

ಅಂದ ಹಾಗೆ, ಪ್ಲೇಟ್ ಜೊತೆಗೆ ಬಂದಿರುವ, ನೋಂದಣಿ ಮುಗಿಯುವ ತಿಂಗಳು, ವರ್ಷದ ಸ್ಟಿಕ್ಕರ್‌ಗಳನ್ನು ಹಿಂದಿನ ಪ್ಲೇಟಿಗೆ ಅಂಟಿಸಿ. ನನ್ನ ರೂಮ್‌ಮೇಟ್ ಒಂದನ್ನು ಮುಂದಕ್ಕೆ, ಒಂದನ್ನು ಹಿಂದಕ್ಕೆ ಹಂಚಿ ಅಂಟಿಸಿದ್ದ. ಅವನ ಟಿಕೆಟ್ಟಿನ ಕಥೆ ಬೇರೆಯೇ ಇದೆ.