ಸಂಪಾದಕರ ಉತ್ತರ: ಬೆಣ್ಣೆಹಳ್ಳವೇ ತರಬೇತಿಯ ವಿಷಯವಾಗಲಿ

ಮಾನ್ಯ ಗುರುಮಾತೆಯವರಿಗೆ ನಮಸ್ಕಾರಗಳು.

ಬೆಣ್ಣೆಹಳ್ಳದ ದಂಡೆಯ ಊರೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ಸಿಬಿಝಡ್ (ರಸಾಯನ, ಸಸ್ಯ, ಪ್ರಾಣಿ ವಿಜ್ಞಾನ) ಶಿಕ್ಷಕಿಯಾಗಿರುವ ನೀವು ಬರೆದ ಪತ್ರವನ್ನು ಪೂರ್ತಿಯಾಗಿ ಅಚ್ಚು ಹಾಕಲು ಸ್ಥಳ ಸಾಲದ್ದರಿಂದ, ಅದರ ಸಾರವನ್ನು ಉಳಿದ ಓದುಗರಿಗಾಗಿ ಮೊದಲು ಹೇಳುತ್ತೇನೆ. ಪರಿಸರ ಶಿಕ್ಷಣದ ಎರಡು ದಿನಗಳ ತರಬೇತಿಗೆ ನಿಮ್ಮನ್ನು ನಿಯೋಜಿಸಿದ್ದರು. ಕರಗುವ ಹಿಮ, ಓಝೋನ್ ಪದರ, ಪ್ಲಾಸ್ಟಿಕ್ ಹಾವಳಿ ಇವುಗಳ ಮೇಲೆ ಪಿಪಿಟಿ ತೋರಿಸಿ, ಪ್ರಮಾಣಪತ್ರ ಕೊಟ್ಟು ಕಳಿಸಿದರು. ಶಾಲೆಗೆ ಮರಳಿದ ವಾರದಲ್ಲೇ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು, "ನಮ್ಮೂರಾಗ ಮಳಿನ ಇಲ್ಲ, ಆದ್ರೂ ಹಳ್ಳ ಹ್ಯಾಂಗ ಬಂತ್ರಿ ಟೀಚರ್?" ಎಂದು ಕೇಳಿದಾಗ ಸಮಾಧಾನದ ಉತ್ತರ ಕೊಡಲಾಗಲಿಲ್ಲವೆಂದು ನೊಂದು ಬರೆದಿದ್ದೀರಿ. ತರಬೇತಿಯನ್ನು ಐದು ದಿನಕ್ಕೆ ವಿಸ್ತರಿಸಲು ನಾವು ಇಲಾಖೆಯನ್ನು ಒತ್ತಾಯಿಸಬೇಕು, ಪತ್ರಿಕೆಯಲ್ಲಿ ತಿಂಗಳಿಗೊಂದು ಸಿದ್ಧ ಪಾಠ ಪ್ರಕಟಿಸಬೇಕು ಎಂಬುದು ನಿಮ್ಮ ಕೋರಿಕೆ. ಗಣಿಗಾರಿಕೆ, ಮರಳು ಸಾಗಣೆಯಂಥ ವಿಷಯಗಳನ್ನು ಮಕ್ಕಳು ಎತ್ತಿದರೆ ಸರ್ಕಾರಿ ನೌಕರಳಾದ ತಾನು ಏನು ಹೇಳಬೇಕೆಂದೂ ಕೇಳಿದ್ದೀರಿ.

ನಿಮ್ಮ ಕಳಕಳಿಯನ್ನು ನಾನು ಪೂರ್ತಿ ಒಪ್ಪುತ್ತೇನೆ; ಕೋರಿಕೆಗಳನ್ನು ಒಪ್ಪಲಾರೆ. ದಿನಗಳು ಹೆಚ್ಚಿದ ಮಾತ್ರಕ್ಕೆ ಆ ಹುಡುಗಿಯ ಪ್ರಶ್ನೆ ಬಗೆಹರಿಯುವುದಿಲ್ಲ. ಆ ಪ್ರಶ್ನೆಯನ್ನೇ ಕೈಗೆತ್ತಿಕೊಂಡು, ನಿಮ್ಮಂಥ ಶಿಕ್ಷಕರು ತಾವೇ ಹೊಲಕ್ಕಿಳಿದು, ಅಳೆದು, ಬರೆದು, ತಪ್ಪಿದರೆ ಮತ್ತೆ ಅಳೆದು ಕಲಿಯುವಂತಾದರೆ ಅದನ್ನು ನಾನು ತರಬೇತಿ ಎನ್ನುತ್ತೇನೆ.

ಬೆಣ್ಣೆಹಳ್ಳ ಶಿಗ್ಗಾಂವಿ ತಾಲೂಕಿನ ದುಂಡಶಿಯ ಕಡೆ ಹುಟ್ಟಿ, ಹುಬ್ಬಳ್ಳಿ, ನವಲಗುಂದ ತಾಲೂಕುಗಳ ಎರೆ ನೆಲವನ್ನು ಹಾಯ್ದು, ರೋಣ ತಾಲೂಕಿನ ಮೆಣಸಗಿಯ ಹತ್ತಿರ ಮಲಪ್ರಭೆಯನ್ನು ಸೇರುತ್ತದೆ. ಮೇಲ್ಭಾಗದಲ್ಲಿ ಬಿದ್ದ ಮಳೆ ನಿಮ್ಮೂರಿಗೆ ಪ್ರವಾಹವಾಗಿ ಬರುತ್ತದೆ ಎಂಬುದು ಪ್ರಶ್ನೆಗೆ ಅರ್ಧ ಉತ್ತರ. ಉಳಿದರ್ಧ ಮಣ್ಣಿನಲ್ಲಿದೆ, ಅದನ್ನು ಒಂದು ಖಾಲಿ ಡಬ್ಬಿಯಿಂದ ತೋರಿಸಬಹುದು. ಎರಡೂ ಬದಿ ಕತ್ತರಿಸಿದ ಡಬ್ಬಿಯನ್ನು ಎರೆ ಹೊಲದಲ್ಲಿ ನಾಲ್ಕು ಬೆರಳು ಆಳಕ್ಕೆ ಊರಿ, ಒಂದು ಲೀಟರ್ ನೀರು ಸುರಿದು, ಅದು ಇಂಗಲು ಹಿಡಿಯುವ ಹೊತ್ತನ್ನು ಮೊಬೈಲಿನಲ್ಲಿ ನೋಡಿ ಬರೆದುಕೊಳ್ಳಬೇಕು. ಬೇಸಿಗೆಯ ಕೊನೆಗೆ, ಹೊಲ ಬಿರುಕು ಬಿಟ್ಟಿರುವಾಗ, ನೀರು ನೋಡನೋಡುತ್ತಲೇ ಒಳಗಿಳಿಯುತ್ತದೆ. ನಾಲ್ಕು ಹದ ಮಳೆ ಬಿದ್ದ ಮೇಲೆ ಅದೇ ಜಾಗದಲ್ಲಿ ಅದೇ ಡಬ್ಬಿ ಊರಿದರೆ, ಎರೆ ಮಣ್ಣು ಹಿಗ್ಗಿ ಬಿರುಕು ಮುಚ್ಚಿಕೊಂಡಿರುವುದರಿಂದ, ನೀರು ಬಹಳ ಹೊತ್ತು ನಿಂತೇ ಇರುತ್ತದೆ. ಆ ಬಳಿಕ ಬೀಳುವ ದೊಡ್ಡ ಮಳೆಯ ಬಹುಪಾಲು ನೀರು ಇಂಗದೆ ಹರಿದು ಹಳ್ಳಕ್ಕೇ ಬರುತ್ತದೆ. ಮಸಾರಿ (ಕೆಂಪು ಮಣ್ಣಿನ) ಹೊಲದಲ್ಲೂ ಇದನ್ನೇ ಮಾಡಿ ಹೋಲಿಸಿದರೆ ವ್ಯತ್ಯಾಸ ಮಕ್ಕಳ ಕಣ್ಣಿಗೇ ಕಾಣುತ್ತದೆ.

ಇದನ್ನೇ ಸಿದ್ಧ ಪಾಠವಾಗಿ ಅಚ್ಚು ಹಾಕಬಾರದೇಕೆ ಎಂದು ನೀವು ಕೇಳಬಹುದು. ಡಬ್ಬಿಯ ಅಂಚಿನಿಂದ ನೀರು ಸೋರಿದಾಗ, ಒಂದೇ ಹೊಲದಲ್ಲಿ ಎರಡು ತಂಡಗಳಿಗೆ ಎರಡು ಲೆಕ್ಕ ಬಂದಾಗ, ಯಾವುದು ಸರಿ ಎಂದು ಮಕ್ಕಳು ನಿಮ್ಮ ಮುಖ ನೋಡಿದಾಗ ಏನು ಮಾಡಬೇಕೆಂಬುದು ಅಚ್ಚಾದ ಪಾಠದಿಂದ ಬರುವುದಿಲ್ಲ. ಉತ್ತರ ತಿಳಿಯದ ಪ್ರಶ್ನೆಯನ್ನು ತರಗತಿಯಲ್ಲಿ ಧೈರ್ಯದಿಂದ ಎತ್ತಿ ಹಿಡಿದು, ಅದನ್ನು ಪರೀಕ್ಷಿಸುವ ದಾರಿಯನ್ನು ಮಕ್ಕಳೊಂದಿಗೆ ಹುಡುಕುವುದು ಪರಿಸರ ಶಿಕ್ಷಣದಲ್ಲಿ ಶಿಕ್ಷಕರಿಗೆ ಬೇಕಾದ ಮುಖ್ಯ ಕೌಶಲ. ಅದು ಅಭ್ಯಾಸದಿಂದ, ಜೊತೆಗಾರ ಶಿಕ್ಷಕರೊಂದಿಗಿನ ಚರ್ಚೆಯಿಂದ ಬರುವಂಥದ್ದು. ರಾಜ್ಯದಲ್ಲಿ ಕೆಲವರಿಗೆ ಹೇಳಿ, ಅವರು ಜಿಲ್ಲೆಯಲ್ಲಿ ಹೇಳಿ, ಜಿಲ್ಲೆಯವರು ತಾಲೂಕಿನಲ್ಲಿ ಹೇಳುವ ಈಗಿನ ಕ್ರಮದಲ್ಲಿ ಮಾಹಿತಿಯಾದರೂ ಅಷ್ಟಿಷ್ಟು ಉಳಿದೀತು, ಕೌಶಲ ಉಳಿಯುವುದಿಲ್ಲ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಪರಿಸರವೆಂದರೆ ವಿಜ್ಞಾನ ಶಿಕ್ಷಕರ ಹೊಣೆ ಎಂದು ಪ್ರತಿಸಲ ನಿಮ್ಮೊಬ್ಬರನ್ನೇ ತರಬೇತಿಗೆ ಕಳಿಸುವುದು ಸರಿಯಲ್ಲ. ಹಳ್ಳದ ಜಾಡನ್ನು ನಕಾಶೆಯಲ್ಲಿ ಹಿಡಿಯಬೇಕಾದವರು ಸಮಾಜ ವಿಜ್ಞಾನದವರು, ಇಂಗುವ ಹೊತ್ತನ್ನು ರೇಖಾಚಿತ್ರಕ್ಕೆ ಇಳಿಸಬೇಕಾದವರು ಗಣಿತದವರು, 2019ರ ಆಗಸ್ಟ್ ಪ್ರವಾಹದಲ್ಲಿ ಏನೇನಾಯಿತೆಂದು ಊರ ಹಿರಿಯರನ್ನು ಮಾತಾಡಿಸಿ ಬರೆಯುವುದನ್ನು ಕಲಿಸಬೇಕಾದವರು ಕನ್ನಡದವರು. ಒಂದು ಶಾಲೆಯಿಂದ ಇಬ್ಬರು ಮೂವರು ಒಟ್ಟಿಗೆ ಬಂದರೆ ಮಾತ್ರ ಕಲಿತದ್ದು ಶಾಲೆಯಲ್ಲಿ ಬೇರೂರುತ್ತದೆ.

ಇದಕ್ಕೆ ಸಮಯ ಎಲ್ಲಿದೆ ಎಂಬ ನಿಮ್ಮ ಆತಂಕ ಸಹಜ. ಎಲ್ಲ ಹಂತಗಳಲ್ಲೂ ಪರಿಸರ ಶಿಕ್ಷಣ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರತಿ ಶಿಕ್ಷಕರೂ ತಮ್ಮ ಆಸಕ್ತಿಗೆ ಅನುಗುಣವಾಗಿ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿಪರ ಕಲಿಕೆಯಲ್ಲಿ ತೊಡಗಬೇಕೆನ್ನುತ್ತದೆ. ಆ ನೀತಿಯನ್ನು ರಾಜ್ಯ ಒಪ್ಪುವ, ಬಿಡುವ ಚರ್ಚೆ ಏನೇ ಇರಲಿ, 50 ಗಂಟೆ ಎಂಬ ಅಳತೆ ಉಪಯುಕ್ತವಾದದ್ದು. ಅಷ್ಟು ಗಂಟೆಗಳನ್ನು ಒಂದೇ ವಾರದಲ್ಲಿ ಮುಗಿಸದೆ, ಮುಂಗಾರಿಗೆ ಮುನ್ನ, ಹಳ್ಳ ಬಂದು ಇಳಿದ ಮೇಲೆ, ಹಿಂಗಾರಿ ಬಿತ್ತನೆಯ ಹೊತ್ತಿಗೆ, ಮತ್ತೆ ಬೇಸಿಗೆಯಲ್ಲಿ ಎಂದು ಹಂಚಿದರೆ ಶಿಕ್ಷಕರು ಇಡೀ ಋತುಚಕ್ರವನ್ನೇ ಗಮನಿಸಿದಂತಾಗುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಮಣ್ಣು ವಿಜ್ಞಾನಿಗಳನ್ನು ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಮೂಲಕ ಕರೆಸಬಹುದು, ಅನುಭವಿ ರೈತರನ್ನೂ ಸಂಪನ್ಮೂಲ ವ್ಯಕ್ತಿಗಳೆಂದೇ ಕೂರಿಸಬೇಕು. ಶಾಲೆಯ ಮಟ್ಟಿಗೆ ಎಂಟು, ಒಂಬತ್ತನೇ ತರಗತಿಗಳ ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಯಾಗಿ ಇದನ್ನು ತೆಗೆದುಕೊಂಡರೆ ಎಸ್ಸೆಸ್ಸೆಲ್ಸಿ ಪಾಠಗಳಿಗೆ ಅಡ್ಡಿಯಾಗದು.

ವಿವಾದದ ಪ್ರಶ್ನೆಗೆ ಬರುತ್ತೇನೆ. ಅದನ್ನು ತಳ್ಳಿಹಾಕಿದರೆ ಪರಿಸರ ಶಿಕ್ಷಣದ ಜೀವವೇ ಹೋಗುತ್ತದೆ. ನಮ್ಮ ಭಾಗದ ಇತಿಹಾಸದಲ್ಲೇ ಒಳ್ಳೆಯ ಪಠ್ಯವಿದೆ: 1987ರ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ ಜನ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ನಡೆಸಿ, ಊರ ಸಾಮೂಹಿಕ ಭೂಮಿಯಲ್ಲಿ ಕಾರ್ಖಾನೆಯ ಕಚ್ಚಾವಸ್ತುವಿಗಾಗಿ ನೆಟ್ಟಿದ್ದ ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಸಸಿಗಳನ್ನು ನೆಟ್ಟರು. ಭೂಮಿ ಯಾರದು, ಮೇವು, ಉರುವಲು ಎಲ್ಲಿಂದ ಬರಬೇಕು, ಕಾರ್ಖಾನೆಯ ಉದ್ಯೋಗಕ್ಕೆ ಬೆಲೆಯಿಲ್ಲವೇ ಎಂಬ ಪ್ರಶ್ನೆಗಳನ್ನು ಮಕ್ಕಳು ಎರಡೂ ಪಕ್ಷದಿಂದ ವಾದಿಸಲಿ. ಶಿರಹಟ್ಟಿ ತಾಲೂಕಿನ ಶಿಕ್ಷಕರಿಗೆ ಮಾಗಡಿ ಕೆರೆಯಿದೆ. 2024ರಲ್ಲಿ ರಾಮ್ಸಾರ್ ತಾಣವೆಂದು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂದು, ಘೋಷಿತವಾದ ಆ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳು ಸುತ್ತಲಿನ ಹೊಲಗಳ ಬೆಳೆ ಮೇಯುತ್ತವೆ. ಹಕ್ಕಿಯೂ ಬೇಕು, ರೈತನೂ ಉಳಿಯಬೇಕು ಎಂದಾಗ ಏನು ಮಾಡಬೇಕೆಂಬುದು ನಿಜವಾದ ಪ್ರಶ್ನೆ. ಇಂಥಲ್ಲಿ ನೀವು ಯಾವ ಪಕ್ಷದ ತೀರ್ಪನ್ನೂ ಕೊಡಬೇಕಿಲ್ಲ. ಯಾರು ಏನು ಹೇಳುತ್ತಿದ್ದಾರೆ, ಅದಕ್ಕೆ ಆಧಾರವೇನು, ಯಾರ ಮಾತು ಇನ್ನೂ ಕೇಳಿಲ್ಲ ಎಂದು ಕೇಳುವುದನ್ನು ಕಲಿಸಿದರೆ ಸೇವಾ ನಿಯಮಕ್ಕೂ ಭಂಗವಿಲ್ಲ, ಮಕ್ಕಳಿಗೂ ಅನ್ಯಾಯವಿಲ್ಲ. ಕಪ್ಪತಗುಡ್ಡದ ಗಣಿಯ ಚರ್ಚೆಯನ್ನೂ ಇದೇ ರೀತಿ ನಡೆಸಬಹುದು. ಇಂಥ ಚರ್ಚೆ ನಡೆಸುವುದನ್ನು ಶಿಕ್ಷಕರು ಮೊದಲು ತಮ್ಮತಮ್ಮಲ್ಲೇ ಅಭ್ಯಾಸ ಮಾಡುವ ಅವಕಾಶ ಯಾವ ತರಬೇತಿಯಲ್ಲೂ ಇರಲೇಬೇಕು.

ಹಳ್ಳ ತುಂಬಿ ಹರಿಯುವಾಗ ಮಕ್ಕಳನ್ನು ದಂಡೆಗೆ ಕರೆದೊಯ್ಯಬೇಡಿ. ಡಬ್ಬಿಯ ಕೆಲಸವೆಲ್ಲ ಹೊಲದಲ್ಲೇ ಆಗುವಂಥದ್ದು.

ಪತ್ರಿಕೆಯಿಂದ ನಾವು ಮಾಡಬಹುದಾದದ್ದು ಇಷ್ಟು. ಶಿಗ್ಗಾಂವಿಯಿಂದ ರೋಣದವರೆಗೆ ಬೆಣ್ಣೆಹಳ್ಳದ ಜಾಡಿನಲ್ಲಿರುವ ಯಾವುದೇ ಪ್ರೌಢಶಾಲೆಯ ಶಿಕ್ಷಕರು, ಯಾವ ವಿಷಯ ಬೋಧಿಸುವವರೇ ಆಗಿರಲಿ, ಈ ಕೆಲಸದಲ್ಲಿ ಸೇರಲು ಇಚ್ಛಿಸಿದರೆ ಶಾಲೆಯ ಹೆಸರು, ತಾಲೂಕು ತಿಳಿಸಿ ನಮಗೆ ಬರೆಯಲಿ. ಅವರನ್ನು ನಿಮಗೂ ನಿಮ್ಮನ್ನು ಅವರಿಗೂ ಪರಿಚಯಿಸುತ್ತೇವೆ. ಮೇಲ್ಭಾಗದ ಶಾಲೆಯವರು ಮಳೆ ಬಿದ್ದ ಹೊತ್ತನ್ನು, ಕೆಳಭಾಗದ ನೀವು ಹಳ್ಳ ಬಂದ ಹೊತ್ತನ್ನು ಬರೆದಿಟ್ಟು ಕಳಿಸಿದರೆ, ಎರಡನ್ನೂ ಅಕ್ಕಪಕ್ಕ ಇಟ್ಟು ಪ್ರಕಟಿಸುವ ಪುಟವನ್ನು ಈ ಮುಂಗಾರಿನಿಂದಲೇ ತೆಗೆದಿರಿಸುತ್ತೇವೆ. ಪ್ರಶ್ನೆ ಕೇಳಿದ ವಿದ್ಯಾರ್ಥಿನಿಗೆ ನನ್ನ ಅಭಿನಂದನೆ ತಿಳಿಸಿರಿ.

ವಂದನೆಗಳೊಂದಿಗೆ,
ಸಂಪಾದಕ