ವರ್ಡ್‌ನಲ್ಲಿ ಎಂಟರ್ ಒತ್ತಿದ ಮೇಲೂ ಬೋಲ್ಡ್ ಮುಂದುವರಿಯುವುದೇಕೆ?

ತಲೆಬರಹವನ್ನು ಬೋಲ್ಡ್ ಮಾಡಿ ಎಂಟರ್ ಒತ್ತಿದರೆ ಮುಂದಿನ ಪ್ಯಾರಾವೂ ಬೋಲ್ಡ್ ಆಗುತ್ತಿದೆ ಎಂದು ಕೇಳಿದ್ದೀರಿ. ಗುಟ್ಟಿರುವುದು ಕಣ್ಣಿಗೆ ಕಾಣದ ಪ್ಯಾರಾ ಗುರುತಿನಲ್ಲಿ. ಕಂಟ್ರೋಲ್, ಶಿಫ್ಟ್ ಮತ್ತು 8 ಒಟ್ಟಿಗೆ ಒತ್ತಿ. ಪ್ರತಿ ಪ್ಯಾರಾದ ಕೊನೆಗೆ ¶ ಚಿಹ್ನೆ ಕಾಣಿಸುತ್ತದೆ. ಎಡ ಅಂಚಿನಲ್ಲಿ ಕ್ಲಿಕ್ ಮಾಡಿ ಇಡೀ ಸಾಲನ್ನು ಆಯ್ದುಕೊಂಡಾಗ ಈ ಗುರುತೂ ಆಯ್ಕೆಗೆ ಸೇರಿ ಬೋಲ್ಡ್ ಆಗುತ್ತದೆ. ಎಂಟರ್ ಒತ್ತಿದಾಗ ಹುಟ್ಟುವ ಹೊಸ ಪ್ಯಾರಾ ಅದರ ಗುಣವನ್ನೇ ಪಡೆಯುತ್ತದೆ.

ಹೊಸ ಪ್ಯಾರಾದಲ್ಲಿ ಕಂಟ್ರೋಲ್ ಮತ್ತು ಬಿ ಒತ್ತಿದರೆ ಸಾಕು. ಅಕ್ಷರಗಳಿಗೆ ಹಾಕಿದ ಬೋಲ್ಡ್, ಫಾಂಟ್ ಮುಂತಾದುವನ್ನೆಲ್ಲ ಒಮ್ಮೆಗೇ ತೆಗೆಯಲು ಕಂಟ್ರೋಲ್ ಮತ್ತು ಸ್ಪೇಸ್‌ಬಾರ್ ಒತ್ತಿ ಎಂದು ಹಲವರು ಹೇಳುತ್ತಾರೆ. ಯೂನಿಕೋಡ್ ಬರಹಕ್ಕೆ ಅದು ಒಳ್ಳೆಯದೇ. ಆದರೆ ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಕಡತದಲ್ಲಿ ದಯವಿಟ್ಟು ಹಾಗೆ ಮಾಡಬೇಡಿ: ನೀವು ಆರಿಸಿದ ಫಾಂಟೂ ಕಳಚಿಹೋಗಿ ಕನ್ನಡವೆಲ್ಲ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತದೆ. ಹಾಗೇನಾದರೂ ಆದರೆ ಗಾಬರಿಯಾಗದೆ ತಕ್ಷಣ ಕಂಟ್ರೋಲ್ ಮತ್ತು ಝಡ್ ಒತ್ತಿ.

ಒಂದು ಪ್ಯಾರಾವನ್ನು ಬೋಲ್ಡ್ ಮಾಡಿದರೆ ಕಡತದ ಬೇರೆ ಪ್ಯಾರಾಗಳೂ ಬದಲಾಗುತ್ತಿವೆಯೇ? ಆಗ ಆ ಪ್ಯಾರಾಕ್ಕೆ ಹಾಕಿರುವ ಸ್ಟೈಲ್‌ನ (ಫಾಂಟ್, ಗಾತ್ರ ಮುಂತಾದುವುಗಳ ಸಿದ್ಧ ಜೋಡಣೆಯ) ಮಾಡಿಫೈ ಕಿಟಕಿಯಲ್ಲಿ 'ಆಟೊಮ್ಯಾಟಿಕಲಿ ಅಪ್‌ಡೇಟ್' ಎದುರಿನ ಟಿಕ್ ತೆಗೆಯಿರಿ. ನನ್ನ ಸಲಹೆ ಕೇಳುವುದಾದರೆ, ತಲೆಬರಹಕ್ಕೆ ಬೋಲ್ಡ್ ಗುಂಡಿಯ ಬದಲು ಹೆಡಿಂಗ್ 1 ಸ್ಟೈಲ್ ಬಳಸಿ. ತಲೆಬರಹದ ಕೊನೆಯಲ್ಲಿ ಎಂಟರ್ ಒತ್ತಿದೊಡನೆ ಮುಂದಿನ ಪ್ಯಾರಾ ತಾನಾಗಿಯೇ ನಾರ್ಮಲ್ ಸ್ಟೈಲ್‌ಗೆ ಮರಳುತ್ತದೆ.